ಶಕ್ಕವ್ವನ ಆಣೆ

ಹಿರೇಕಣವಿಯ ಪರಮಪೂಜ್ಯ ನಿರಂಜನಜ್ಜನವರ ದರ್ಶನಕ್ಕೆ ಹೊಸದಾಗಿ ಬಂದವರು ಗದ್ದುಗೆಯ ಕಡೆ ಹೋಗಿ ಹುಡುಕುತ್ತಿದ್ದರು. ಅಜ್ಜನವರು ದಾಸೋಹದ ಹಿತ್ತಲಿನಲ್ಲಿ ಗೋಣಿತಾಟು ಹಾಸಿಕೊಂಡು, ನಮ್ಮಂಥವರ ನಡುವೆ ರಾಜಗಿರಿ ಸೊಪ್ಪು ಸೋಸುತ್ತ ಕುಳಿತಿರುತ್ತಿದ್ದರು.

ಹೊಸ ಗಾಡಿ ಕೊಂಡವರು ಸೋಮವಾರ ಮಠಕ್ಕೆ ಬರುವುದು ನಮ್ಮ ಸೀಮೆಯ ವಾಡಿಕೆ. ಅಜ್ಜನವರು ವಿಭೂತಿ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡಿಸಿ ಹರಸುತ್ತಿದ್ದರು. ಗಾಜಿನ ಮೇಲೆ ‘ಅಜ್ಜಾರ ಆಶೀರ್ವಾದ’ ಎಂದು ಬಣ್ಣದಲ್ಲಿ ಬರೆಸುವುದನ್ನು ಮಾತ್ರ ಜನ ಆಶೀರ್ವಾದ ಸಿಗುವ ಮೊದಲೇ ಮುಗಿಸಿಕೊಂಡು ಬರುತ್ತಿದ್ದರು. ನಮ್ಮವರಿಗೆ ನಿಂಬೆಹಣ್ಣಿನ ಮೇಲಿರುವ ನಂಬಿಕೆ ಬ್ರೇಕಿನ ಮೇಲಿಲ್ಲ.

ಅಂಥ ಒಂದು ಸೋಮವಾರ, ಪೂಜೆ ಮಾಡಿಸಿಕೊಂಡು ಹೋದ ಟೆಂಪೊದ ಯಜಮಾನ ಗೆಳೆಯರಿಗೆ ಪಾರ್ಟಿ ಕೊಟ್ಟ. ತಾನೂ ಕಂಠಮಟ್ಟ ಕುಡಿದ. ಸಂಜೆ ಅದೇ ಗಾಡಿಯನ್ನು ಓಡಿಸಿಕೊಂಡು ಹೊರಟವನು, ಕಾಲೇಜಿನಿಂದ ಸೈಕಲ್ ಮೇಲೆ ಬರುತ್ತಿದ್ದ ಹುಡುಗಿಯ ಮೇಲೆ ಹಾಯಿಸಿಬಿಟ್ಟ. ಹುಡುಗಿ ಅಲ್ಲೇ ತೀರಿಕೊಂಡಳು. ಗಾಡಿಯ ಮುಖದ ಮೇಲೆ ವಿಭೂತಿ ಇನ್ನೂ ಹಾಗೇ ಇತ್ತು.

ಆಕೆ ಬಡಿಗೇರ ಮೌನೇಶಪ್ಪನ ಒಬ್ಬಳೇ ಮಗಳು. ತಾಯಿ ಎಂದೋ ತೀರಿಕೊಂಡಿದ್ದರಿಂದ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ ಇದ್ದರು. ಹುಡುಗಿಯ ಮಣ್ಣಿಗೆ ಬಂದ ಹಿರಿಯನೊಬ್ಬ ಭಕ್ತಿಯಿಂದಲೇ ಒಂದು ಮಾತಾಡಿದ: “ಗಾಡಿ ಗಟಾರಕ್ಕ ಬಿದ್ರೂ ಓಡಸಾಂವಗ ಒಂದ್ ಗೀರೂ ಆಗಿಲ್ಲ. ಅಜ್ಜಾರ ಆಶೀರ್ವಾದ ನೋಡ್ರಿ.” ಆ ಮಾತು ಮೌನೇಶಪ್ಪನ ಕಿವಿಗೆ ಬಿತ್ತು.

ಆಮೇಲೆ ಅವನು ಉಳಿ ಬಾಚಿ ಮುಟ್ಟಲಿಲ್ಲ. ಮಗಳ ಓದಿಗೆಂದು ಮಾಡುತ್ತಿದ್ದ ಮೇಜು ಮೂರು ಕಾಲಿನ ಮೇಲೆ ಗೋಡೆಗೆ ಒರಗಿ ನಿಂತಿತು. ಮೊದಮೊದಲು ಬಂದುಹೋದ ಬಂಧುಗಳು ಬರಬರುತ್ತ ಕಡಿಮೆಯಾದರು. ಅವನು ಎದುರಾದರೆ ಜನ ಮಾತು ನಿಲ್ಲಿಸುತ್ತಿದ್ದರು, ಅವನೆದುರು ಮಗಳ ಹೆಸರೆತ್ತಲು ಹೆದರುತ್ತಿದ್ದರು. ನೋಯಿಸಬಾರದೆಂದೇ ಎಲ್ಲರೂ ಸೇರಿ ಅವನನ್ನು ಒಂಟಿ ಮಾಡಿಬಿಟ್ಟೆವು.

ಒಂದು ಮಧ್ಯಾಹ್ನ ಅವನು ಹಿತ್ತಲಿಗೆ ಬಂದು ಅಜ್ಜನವರ ಎದುರು ನಿಂತ. ನಮಸ್ಕರಿಸಲಿಲ್ಲ.

“ನಿಮ್ಮ ಆಶೀರ್ವಾದ ಗಾಡಿಗಿತ್ತು, ಕುಡದಾಂವಗಿತ್ತು. ನನ್ನ ಮಗಳು ಬರೂವಾಗ ಅದು ಎಲ್ಲಿ ಹೋಗಿತ್ರಿ, ಅಜ್ಜಾರ?”

ನಮಗೆ ಸಿಟ್ಟೇ ಬಂತು. ಮಠದ ಹಿರಿಯರೊಬ್ಬರು, ಎಲ್ಲಾ ಶಿವನ ಇಚ್ಛೆ ಎಂದು ಸಮಾಧಾನ ಹೇಳಲು ಹೊರಟರು. ಅಜ್ಜನವರು ಕೈಯೆತ್ತಿ ತಡೆದರು.

“ಶಿವ ಕುಡದಿದ್ದಿಲ್ಲ,” ಎಂದರು.

ಆಮೇಲೆ ಅಜ್ಜನವರೇ ಎದ್ದು, ಸೊಪ್ಪಿನ ಮಣ್ಣು ಮೆತ್ತಿದ ಕೈಗಳನ್ನು ಆ ಬಡಿಗನ ಮುಂದೆ ಜೋಡಿಸಿದರು.

“ಅವತ್ತ ಗಾಡಿಗೆ ವಿಭೂತಿ ಹಚ್ಚಿದೆ, ತಮ್ಮಾ. ಓಡಸಾಂವನ ಮಾರಿ ನೋಡಲಿಲ್ಲ. ನಂದು ತಪ್ಪಾತು. ಮಗಳ ಹೆಸರೇನು?”

ಬಹಳ ದಿನದಿಂದ ಆಡದ ಹೆಸರು ಮೌನೇಶಪ್ಪನ ಬಾಯಿಗೆ ತಟ್ಟನೆ ಬರಲಿಲ್ಲ.

“ಶಕುಂತಲಾರಿ. ಶಕ್ಕವ್ವಾ ಅಂತಿದ್ದೆ,” ಎಂದವನೇ ನೆಲಕ್ಕೆ ಕುಸಿದು ಮಗುವಿನಂತೆ ಅತ್ತ. ಅಜ್ಜನವರು ಉಪದೇಶ ಮಾಡಲಿಲ್ಲ. ಸಂಜೆಯವರೆಗೂ ಅವನ ಪಕ್ಕದಲ್ಲೇ ಕುಳಿತಿದ್ದರು.

ಮುಂದಿನ ಸೋಮವಾರ ಹೊಸ ಟ್ರ್ಯಾಕ್ಟರೊಂದು ಬಂದಾಗ ಅಜ್ಜನವರು ಮೌನೇಶಪ್ಪನಿಗೆ ಹೇಳಿ ಕಳಿಸಿದರು. ಟ್ರ್ಯಾಕ್ಟರಿನ ತರುಣ ನಿಂಬೆಹಣ್ಣು ಹಿಡಿದು ಸಿದ್ಧನಾಗಿದ್ದ.

“ಅದು ಆಮ್ಯಾಲೆ,” ಎಂದರು ಅಜ್ಜನವರು. “ಮೊದಲ ಇವರ ಕೈಮ್ಯಾಲೆ ಕೈ ಇಟ್ಟು ಶಕ್ಕವ್ವನ ಆಣಿ ಮಾಡು, ಕುಡದು ಗಾಡಿ ಮುಟ್ಟೂದಿಲ್ಲಂತ.”

ಶಕ್ಕವ್ವ ಯಾರೆಂದು ತರುಣ ಕೇಳಿದ. ಅಜ್ಜನವರು ಮೌನೇಶಪ್ಪನ ಕಡೆ ನೋಡಿದರು. ಅವನೇ ಹೇಳಬೇಕಾಯಿತು. ತಡವರಿಸುತ್ತ ಹೇಳಿ ಮುಗಿಸಿ ಅಂಗೈ ಚಾಚಿದ. ತರುಣ ಅದರ ಮೇಲೆ ಕೈಯಿಟ್ಟು ಆಣೆ ಮಾಡಿದ ಮೇಲೆಯೇ ಚಕ್ರದಡಿ ನಿಂಬೆಹಣ್ಣು ಬಿತ್ತು. ಅಂದಿನಿಂದ ಮಠದಲ್ಲಿ ಅದೇ ರೂಢಿಯಾಯಿತು. ಪ್ರತಿ ಸೋಮವಾರ ಮೌನೇಶಪ್ಪ ತನ್ನ ಮಗಳ ವಿಷಯ ಹೊಸಬರಿಗೆ ಹೇಳುತ್ತಿದ್ದ, ಕೈ ಚಾಚುತ್ತಿದ್ದ.

ವರ್ಷಗಳು ಕಳೆದವು. ಮತ್ತೆ ಉಳಿ ಹಿಡಿದು, ಕೆಲಸದ ಕಟ್ಟಿಗೆ ತರಲು ದೂರದ ಪಟ್ಟಣಕ್ಕೆ ಹೋದ ಮೌನೇಶಪ್ಪ ಒಂದು ಧಾಬಾದಲ್ಲಿ ಊಟಕ್ಕೆ ಕುಳಿತಿದ್ದ. ಪಕ್ಕದಲ್ಲಿ ಇಬ್ಬರು ಲಾರಿಯವರು. ಒಬ್ಬ ಗ್ಲಾಸು ಮುಂದೆ ಸರಿಸಿದ, ಇನ್ನೊಬ್ಬ ಹಿಂದಕ್ಕೆ ತಳ್ಳಿದ.

“ಬ್ಯಾಡೋ, ಗಾಡಿ ಹೊಡೀಬೇಕು. ಶಕ್ಕವ್ವನ ಆಣಿ ಐತಿ.”

“ಯಾರೋ ಅಕಿ? ನಿಮ್ಮವ್ವೇನು?”

“ನನಗೂ ಗೊತ್ತಿಲ್ಲ. ನಮ್ಮ ಕಡೆ ಗಾಡಿ ಹೊಡಿಯೋರು ಹಂಗ ಅಂತಾರ.”

ಮೌನೇಶಪ್ಪ ಊಟ ಬಿಟ್ಟು ಎದ್ದವನು ನೆಟ್ಟಗೆ ಮಠಕ್ಕೇ ಬಂದ. ಅಜ್ಜನವರಿಗೆ ಆ ಮಾತನ್ನು ಒಪ್ಪಿಸುವಾಗ ಅವನು ನಗುತ್ತಿದ್ದನೋ ಅಳುತ್ತಿದ್ದನೋ ನಮಗೆ ತಿಳಿಯಲಿಲ್ಲ. ಅಜ್ಜನವರು ಗೋಣಿತಾಟಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಅವನು ಮೊದಲ ಸಲ ನಮ್ಮೊಡನೆ ಸೊಪ್ಪು ಸೋಸಲು ಕುಳಿತ.

ಅವನ ಮನೆಯ ಒಂಟಿತನ ಹೋಯಿತೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಅಜ್ಜನವರೂ ಒಪ್ಪುವುದಿಲ್ಲ. ಆದರೆ ಸಂಜೆ ಗಾಡಿಯ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ ಮೌನೇಶಪ್ಪ, ಈಗ ಬಾಗಿಲಿಗೆ ಬಂದು ಅದು ಊರು ದಾಟುವವರೆಗೆ ಅಂಗೈ ಚಾಚಿ ನಿಲ್ಲುತ್ತಾನೆ.