ಮುತ್ತಜ್ಜನ ಪಾಲಿನ ಹೂಳು

ಗ್ರೀಸ್ ದೇಶದ ಬೆಟ್ಟದ ಮೇಲೊಂದು ಪುಟ್ಟ ಊರು. ಅದನ್ನು ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಜಿಲ್ಲೆಯ ಅಧಿಕಾರಿ ಪಾಂಡೆಲಿಸ್ ಹೇಸರಗತ್ತೆ ಏರಿ ಬಂದ.

"ಈ ಊರು ಕಟ್ಟಿದವನು ನನ್ನ ಮುತ್ತಜ್ಜ. ಹಾಗಂತ ಚರ್ಚಿನ ಗೋಡೆ ಮೇಲೆ ಕೆತ್ತಿಸಿ. ಇಲ್ಲದಿದ್ದರೆ ಶಾಲೆ ಮುಚ್ಚಿಸ್ತೀನಿ!"

ಊರವರು ತಲೆ ತಗ್ಗಿಸಿದರು. ಕಾಫಿ ಅಂಗಡಿಯ ಮುದುಕಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಬಂದ ಬಂದ ಅಧಿಕಾರಿಗಳಿಗೆಲ್ಲ ಇದೇ ಹುಚ್ಚು! ಆದರೂ ನಗುನಗುತ್ತಲೇ ಅವನನ್ನು ಊರ ಬಾವಿಗೆ ಕರೆದೊಯ್ದು, ಕೈಗೊಂದು ದೊಡ್ಡ ಬುಟ್ಟಿ ಕೊಟ್ಟಳು.

"ಸದ್ಯ, ಸಿಕ್ಕಿದಿರಲ್ಲ ಸ್ವಾಮಿ! ಸಂತನ ಹಬ್ಬಕ್ಕೆ ಮುಂಚೆ ಬಾವಿಯ ಹೂಳೆತ್ತೋದು ಊರು ಕಟ್ಟಿದ ಮನೆತನದವರ ಹಕ್ಕು. ಆ ಮನೆತನ ಯಾವುದು ಅಂತ ತಿಳೀದೆ ಇಷ್ಟು ಕಾಲ ನಾವೇ ಎತ್ತಿ ಸಾಯ್ತಿದ್ವಿ. ಇಳೀರಿ, ಊರೆಲ್ಲ ಕಣ್ತುಂಬ ನೋಡಲಿ."

ಅಧಿಕಾರಿ ಬಗ್ಗಿ ನೋಡಿದ. ಕಪ್ಪು ಕೆಸರು, ಅದರಲ್ಲಿ ಕಪ್ಪೆಗಳು. ತನ್ನ ಹೊಳೆಯುವ ಬೂಟುಗಳನ್ನೂ ಒಮ್ಮೆ ನೋಡಿಕೊಂಡ.

"ಈಗ ನೆನಪಾಯ್ತು ನೋಡಿ. ನಮ್ಮ ಮುತ್ತಜ್ಜ ಊರುಗೀರು ಕಟ್ಟಿರಲಿಲ್ಲ. ಈ ದಾರೀಲಿ ಹೋಗುವಾಗ ಇಲ್ಲಿ ನೀರು ಕುಡಿದಿದ್ದ, ಅಷ್ಟೇ."

"ಈ ಬಾವಿ ನೀರೇ ತಾನೆ?" ಎಂದ ಮುದುಕಿ, ದೊಡ್ಡ ಬುಟ್ಟಿ ಇಸಿದುಕೊಂಡು ಚಿಕ್ಕದೊಂದನ್ನು ಕೊಟ್ಟಳು. "ಹಾಗಾದರೆ ಒಂದು ಬುಟ್ಟಿ ಎತ್ತಿದರೆ ಸಾಕು. ನೀರು ಕುಡಿದವರ ಪಾಲು ಅಷ್ಟೇ."