ಮೈ ಹಿಡಿಸುವಷ್ಟು ಜಾಗ

ಪಚ್ಚಿಲೆಯೆಂಬ ಪುಟ್ಟ ಚಿಪ್ಪುಜೀವಿ ಕೇಳಿದ್ದು ತನ್ನ ಮೈ ಹಿಡಿಸುವಷ್ಟು ಜಾಗ. ಬದಲಿಗೆ ಕೊಡುತ್ತೇನೆಂದದ್ದು ಮಾತಿನ ಜೊತೆ. ಹಾಯಿದೋಣಿಯ ತಳದಲ್ಲಿ, ಎಂಜಿನ್ ಮೈ ತಣಿಸಿಕೊಳ್ಳಲು ಸಮುದ್ರದ ನೀರೆಳೆಯುವ ಕೊಳವೆಯ ಬಾಯಲ್ಲಿ ಈ ವ್ಯಾಪಾರ ಕುದುರಿತು. ಪಚ್ಚಿಲೆ ಆಗ ಎಳ್ಳಿನಷ್ಟಿತ್ತು. ಎಂಜಿನ್ ಚೌಕಾಸಿ ಮಾಡದೆ ಒಪ್ಪಿತು. ಗಾಳಿ ಇರುವವರೆಗೆ ದುಡಿಮೆಯೆಲ್ಲ ಹಾಯಿಯದು. ಸುಮ್ಮನೆ ಬಿದ್ದ ಎಂಜಿನ್ನನ್ನು ಮಾತಾಡಿಸುವವರು ಬೇರೆ ಯಾರಿದ್ದರು?

ಎಂಟು ತಿಂಗಳು ಇಬ್ಬರೂ ಹರಟಿದರು. ಒಂದು ಮಧ್ಯಾಹ್ನ ಗಾಳಿ ಬಿದ್ದುಹೋಯಿತು, ಸೆಳೆತ ದೋಣಿಯನ್ನು ಬಂಡೆಯತ್ತ ಎಳೆಯಿತು. ದೋಣಿ ನಡೆಸುವ ಜಟ್ಟಿ ತಾಂಡೇಲ ಎಂಜಿನ್ ಚಾಲೂ ಮಾಡಿದ. ಕ್ಷಣದಲ್ಲಿ ಅದರ ಮೈ ಕೆಂಡವಾಯಿತು.

"ತಂಗೀ, ನೀರೇ ಬರುತ್ತಿಲ್ಲ. ಸ್ವಲ್ಪ ಸರಿ ಮಾರಾಯ್ತಿ!"

"ಎಲ್ಲಿಗೆ ಸರಿಯಲಿ ಅಣ್ಣ? ಎರಡೂ ಕಡೆ ಕೊಳವೆಗೇ ಒತ್ತಿಕೊಂಡಿದ್ದೇನೆ."

"ಇಷ್ಟು ಜಾಗ ನಾನು ಕೊಟ್ಟಿರಲಿಲ್ಲ."

"ಮೈ ಹಿಡಿಸುವಷ್ಟು ಅಂತ ಮಾತಾಗಿತ್ತು. ಕೂದಲೆಳೆಯಷ್ಟೂ ಹೆಚ್ಚಿಗೆ ತಗೊಂಡಿಲ್ಲ."

ಎಂಜಿನ್ನಿಗೆ ಈಗ ಹೊಳೆಯಿತು: ಎಷ್ಟು ಬೆಳೆಯುತ್ತೀ ಎಂದು ಅಂದೇ ಕೇಳಬೇಕಿತ್ತು.

ತಾಂಡೇಲ ಎಂಜಿನ್ ನಿಲ್ಲಿಸಿ, ಪೈಪು ಬಿಚ್ಚಿ, ಕಬ್ಬಿಣದ ಸರಳು ತೂರಿಸಿ ಗುದ್ದಿದ.

"ಅಣ್ಣಾ" ಎಂದಿತು ಪಚ್ಚಿಲೆ. ಎರಡನೆಯ ಗುದ್ದಿಗೆ ಆ ಸದ್ದೂ ಇಲ್ಲ. ನೀರು ನುಗ್ಗಿತು. ಪೈಪು ಮತ್ತೆ ಜೋಡಿಸಿದ ಮೇಲೆ ಎಂಜಿನ್ ಗುಟುಕು ಗುಟುಕಾಗಿ ಕುಡಿಯಿತು. ದೋಣಿ ಬಂಡೆಗೆ ಬೆನ್ನು ಹಾಕಿತು.

ದಡ ಸೇರಿದ ಮೇಲೆ ಎಂಜಿನ್ ಕೂಡಿ ಕಳೆದು ನೋಡಿತು. ದೋಣಿಯೂ ತಾಂಡೇಲನೂ ತಾನೂ ಮೊದಲೇ ಇದ್ದವರು, ಈಗಲೂ ಇದ್ದಾರೆ. ಹೊಸದಾಗಿ ಗಳಿಸಿದ್ದು ಇಷ್ಟೇ: ಕೊಳವೆಯ ಬಾಯಲ್ಲಿ, ಪಚ್ಚಿಲೆಯೊಂದರ ಮೈ ಹಿಡಿಸುವಷ್ಟು ಜಾಗ.