ಅಳತೆಕೋಲು ಮತ್ತು ಕಬ್ಬಿಣದ ಹಣಿಗೆ

ಶಿಷ್ಯೆ ಕೇಳಿದಳು: "ತಾಯಿ, ನಮ್ಮ ಗುಂಪು ಮಾಡಿರುವುದು ಕಂಪ್ಯೂಟರ್ ನಡೆಸುವ ಮುಕ್ತ ಕಾರ್ಯಾಚರಣೆ ವ್ಯವಸ್ಥೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿಕೊಳ್ಳಬಹುದು. ಇಂಥವು ಏಳೆಂಟಿವೆ, ಒಂದೊಂದೂ ಒಂದೊಂದು ರೀತಿ. ಒಳಗುಟ್ಟು ಬಿಟ್ಟುಕೊಡದ ಕಂಪನಿಗಳು, ಇಷ್ಟೊಂದು ಬಗೆಗಳಿಗೆ ನಮ್ಮ ಸಾಫ್ಟ್‌ವೇರ್ ಹೊಂದಿಸಲಾರೆವು ಎನ್ನುತ್ತವೆ. ನಾವೆಲ್ಲ ಒಂದೇ ಮಾನದಂಡಕ್ಕೆ ಒಪ್ಪಿದರೆ ಅವರು ನಮಗೂ ಒದಗುತ್ತಾರೆಯೇ? ನಾಳೆ ನಾನು ಒಪ್ಪಿಗೆಗೆ ಸಹಿ ಹಾಕಬೇಕು. ಹಾಕಿದರೆ, ಕಣ್ಣು ಕಾಣದ ಮಕ್ಕಳಿಗೆಂದು ಮಾಡಿಕೊಂಡ ಅನುಕೂಲಗಳನ್ನು ಕಿತ್ತುಹಾಕಬೇಕಾಗುತ್ತದೆ."

ಗುರುತಾಯಿ ಹೇಳಿದಳು: "ಚೀಲ ಕೆಳಗಿಡು. ಕಾಲು ಚಾಚಿ ಕೂತುಕೋ. ನಿನ್ನ ಯಂತ್ರ ನನಗೆ ತಿಳಿಯದು, ಮಗ್ಗ ತಿಳಿಯುತ್ತದೆ. ಕೇಳು.

"ಒಬ್ಬ ಮುದುಕ ಕಂಬಳಿ ನೇಯುವ ಮಗ್ಗ ಮಾಡಿದ. ಬೇಕಾದವರು ನೋಡಿ ಮಾಡಿಕೊಳ್ಳಿ, ಬೇಕಾದ ಹಾಗೆ ತಿದ್ದಿಕೊಳ್ಳಿ ಎಂದ. ಏಳು ಊರಿನವರು ಮಾಡಿಕೊಂಡರು, ಏಳು ಥರ ತಿದ್ದಿಕೊಂಡರು. ಕೊನೆಯ ಊರಿನಲ್ಲಿ ಒಬ್ಬ ನೇಕಾರ್ತಿ ಇದ್ದಳು. ಅವಳ ಮಗ್ಗ ಎಲ್ಲಕ್ಕಿಂತ ಅಗಲ. ತಾಯಿ ಮಗು ಇಬ್ಬರೂ ಹೊದೆಯುವ ಕಂಬಳಿ ಅಲ್ಲಿ ಮಾತ್ರ ಆಗುತ್ತಿತ್ತು. ಆದರೆ ನೂಲನ್ನು ಒತ್ತಿ ಕೂರಿಸುವ ಅವಳ ಬಿದಿರಿನ ಹಣಿಗೆ ಸವೆದಿತ್ತು.

"ಪೇಟೆಯಲ್ಲಿ ಒಬ್ಬ ಕಬ್ಬಿಣದ ಹಣಿಗೆ ಮಾಡುತ್ತಿದ್ದ. ಹಲ್ಲು ಕೂರಿಸುವುದನ್ನು ಬಾಗಿಲು ಹಾಕಿಕೊಂಡು ಮಾಡುವನು, ಯಾರಿಗೂ ತೋರಿಸನು. ಅವನ ಮುದ್ರೆ ಒತ್ತಿದ ಹಣಿಗೆ ಕೆಟ್ಟರೆ ಅವನೇ ಸರಿಮಾಡಿ ಕೊಡುವನು. ಏಳು ಊರಿನವರೂ ಹೋಗಿ ಬೇಡಿದರು. 'ಏಳು ಮಗ್ಗಕ್ಕೆ ಏಳು ಹಣಿಗೆ ಯಾರು ಬಡಿಯುತ್ತಾರೆ? ಮೊದಲು ಒಂದು ಅಳತೆಗೆ ಬನ್ನಿ' ಎಂದ.

"ಮೂರು ವರ್ಷ ಜಗಳವಾಡಿ ಒಂದು ಅಳತೆಕೋಲು ಮಾಡಿದರು. ಏಳರಲ್ಲಿ ಒಂದಾದ ದೊಡ್ಡೂರಿನವರು ಮಾತ್ರ ತಮ್ಮ ಮಗ್ಗದಲ್ಲಿ ಏನನ್ನೂ ಕತ್ತರಿಸಬೇಕಾಗಲಿಲ್ಲ. ನೇಕಾರ್ತಿ ತನ್ನದನ್ನು ಒಂದು ಮೊಳ ಕತ್ತರಿಸಿದಳು. ಹಳೆಯ ಹಣಿಗೆ ಇನ್ನೇಕೆ ಎಂದು, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ ಕಾಯಿಸುವ ಒಲೆಗೆ ಹಾಕಿದಳು. ಪೇಟೆಗೆ ಹೋಗಿ ಕಬ್ಬಿಣದ್ದು ತಂದಳು. ಮುದ್ರೆ ಇದೆಯೇ ಎಂದು ನೋಡಲಿಲ್ಲ. ಅವಳ ಊರಿನ ಕರಿಉಣ್ಣೆ ಒರಟು. ತಿಂಗಳೊಳಗೆ ಹಲ್ಲು ಬಾಗಿದವು.

"ಹಣಿಗೆ ಹೊತ್ತು ವಾಪಸು ಹೋದಳು. ಅವನು ಕೋಲಿಟ್ಟು ನೋಡಿ, 'ಅಳತೆ ಸರಿ ಇದೆಯಲ್ಲಮ್ಮ' ಎಂದ.

"'ಅಳತೆ ಸರಿ ಇದೆ ಕಣಪ್ಪ, ಕಂಬಳಿ ಆಗುತ್ತಿಲ್ಲ.'

"'ನಾನು ಕೂತು ನೇಯ್ದು ನೋಡಿದ್ದು ದೊಡ್ಡೂರಿನ ಮಗ್ಗದಲ್ಲಿ. ಮುದ್ರೆ ಒತ್ತಿದ್ದೂ ಅವರ ಹಣಿಗೆಗೇ.'

"'ನಮ್ಮ ಮಗ್ಗದಲ್ಲೂ ಬಂದು ಕೂತು ನೋಡು.'

"'ಆರು ಊರಿನ ಮಗ್ಗದಲ್ಲಿ ನೇಕಾರ ಕೂರುವ ಗುಳಿಯೊಳಗೆ ಇಳಿದು ಹತ್ತಲು ನನಗಿರುವುದು ಒಂದೇ ಬೆನ್ನು.'

"'ಹಾಗಾದರೆ ಹಲ್ಲು ಕೂರಿಸುವುದನ್ನು ತೋರಿಸಿಕೊಡು, ನಾನೇ ಮಾಡಿಕೊಳ್ಳುತ್ತೇನೆ.'

"'ಅದೊಂದು ಬಿಟ್ಟು ಬೇರೆ ಏನಾದರೂ ಕೇಳು ತಾಯಿ' ಎಂದ, ಕುಡಿಯಲು ನೀರು ಕೊಟ್ಟ. ಒಳ್ಳೆಯವನೇ.

"ಮಗ್ಗದಿಂದ ಕತ್ತರಿಸಿದ ಮರ ಮತ್ತೆ ಬೆಳೆಯುವುದಿಲ್ಲ. ನೇಕಾರ್ತಿ ದೊಡ್ಡೂರಿಗೆ ಹೋಗಿ ಇನ್ನೊಬ್ಬರ ಉಣ್ಣೆ ಹಿಂಜುತ್ತ ಮುದುಕಿಯಾದಳು. ನಡುವಿನ ಐದು ಊರುಗಳ ಮಗ್ಗದ ಗುಳಿಗಳಲ್ಲಿ ಈಗ ಕೋಳಿಗಳು ಮರಿಮಾಡುತ್ತವೆ. ಹಣಿಗೆಯವನು ಯಾರಿಗೂ ತೋರಿಸದೆ ಸತ್ತ. ಹತ್ತು ವರ್ಷಕ್ಕೆ ದೊಡ್ಡೂರಿನ ಹಣಿಗೆಗಳೂ ಬಾಗಿದವು, ಸರಿಮಾಡುವವರಿರಲಿಲ್ಲ. ಬಿದಿರಿನ ಹಣಿಗೆ ಮಾಡುವುದನ್ನು ಅಷ್ಟರಲ್ಲಿ ಎಲ್ಲರೂ ಮರೆತಿದ್ದರು. ಇಬ್ಬರು ಹೊದೆಯುವ ಕಂಬಳಿ ಎಂದರೆ ಅಲ್ಲಿಯ ಮಕ್ಕಳು ನಗುತ್ತಾರೆ."

ಶಿಷ್ಯೆ ಕೇಳಿದಳು: "ಆ ಅಳತೆಕೋಲು ಏನಾಯಿತು, ತಾಯಿ?"

"ದೊಡ್ಡೂರಿನ ಚಾವಡಿಯಲ್ಲಿದೆ. ಇವತ್ತಿಗೂ ಕೂದಲೆಳೆಯಷ್ಟು ತಪ್ಪಿಲ್ಲ."